ಮೀಟರಿನ ಸಪೂರ ವೈರು

ಮನೆಯ ಮಾಡಿನ ಮೇಲೆ ಸೋಲಾರ್ ಹಾಕುವಾಗ ದಪ್ಪ ವೈರು ಯಾರಾದರೂ ಜೋಡಿಸಿಯಾರು. ಕಿರಿಕಿರಿಯೆಲ್ಲ ಮೀಟರಿನಿಂದ ಇನ್ವರ್ಟರಿಗೆ ಹೋಗುವ ಸಪೂರ ವೈರುಗಳದ್ದು. ಎಷ್ಟು ಕರೆಂಟು ಹೊರಗೆ ಹೋಯಿತು, ಎಷ್ಟು ಒಳಗೆ ಬಂತು ಎಂದು ಸುದ್ದಿ ಮುಟ್ಟಿಸುವುದು ಅವೇ. ಅಕ್ಕಿಕಾಳು ಹಿಡಿಯದ ತೂತಿಗೆ ತೂರಿಸಿ ಸ್ಕ್ರೂ ಬಿಗಿಯಬೇಕು. ಹೊನ್ನಾವರದ ಅಂಗಡಿಯಲ್ಲಿ ಆ ಕೆಲಸ ನನ್ನದಾಗಿತ್ತು. ಭಟ್ಕಳದಿಂದ ಕುಮಟೆಯವರೆಗೆ ಎಲ್ಲಿ ಪ್ಯಾನೆಲ್ ಏರಿದರೂ ಮೀಟರಿಗೆ ನನ್ನನ್ನೇ ಕರೆಯುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಬಲಗೈ ನಡುಗಲು ಶುರುವಾಯಿತು. ಇದು ಪೂರ್ತಿ ಹೋಗುವಂಥದ್ದಲ್ಲ ಎಂದರು ಡಾಕ್ಟರು. ಮನೆಯಾಚೆ ಈ ಸಂಗತಿ ಗೊತ್ತಿದ್ದದ್ದು ನನ್ನ ಜೊತೆ ಕೆಲಸಕ್ಕಿದ್ದ ಭಾವಮೈದುನನಿಗೆ ಮಾತ್ರ. ಅವನಿಗೆ ಕೆಲಸ ಕಲಿಸಿ ಅಂಗಡಿಗೆ ಸೇರಿಸಿದವನು ನಾನೇ. ಮನೆಯವರಿಗೆ ಕಾಣದಂತೆ ಮೀಟರಿನ ಮುಂದೆ ನಾನು ಅಡ್ಡ ನಿಲ್ಲುತ್ತಿದ್ದೆ, ಅವನು ವೈರು ಜೋಡಿಸುತ್ತಿದ್ದ. ಮಳೆಗಾಲವೆಲ್ಲ ಹೀಗೇ ಕಳೆಯಿತು.

ಒಂದು ದಿನ ಮಾವಿನಕುರ್ವೆಯ ಮನೆಯೊಂದರಲ್ಲಿ ಅವನಿನ್ನೂ ಮಾಡಿನ ಮೇಲಿದ್ದ. ಮನೆಯಾಕೆ ನೋಡುತ್ತ ನಿಂತಿದ್ದರು. ಕಾಯಲು ನಾಚಿಕೆಯಾಗಿ ನಾನೇ ಮೀಟರಿಗೆ ಕೈಹಾಕಿದೆ. ವೈರು ತೂತಿನ ಆಚೀಚೆ ತಡಕಾಡಿತು, ಒಳಗೆ ಹೋಗಲಿಲ್ಲ.

"ಎಂತ ಆತು? ಚಳಿಜ್ವರ ಉಂಟಾ? ಕೂತ್ಕಳಿ, ಚಾ ತರ್ತೆ" ಎಂದರು ಆಕೆ.

ಅಷ್ಟರಲ್ಲಿ ಅವನು ಇಳಿದು ಬಂದು ನನ್ನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡ.

ಮರುದಿನ ಅಂಗಡಿಯ ಮಾಲೀಕರು ನನಗೆ ಕುರ್ಚಿ ತೋರಿಸಿದರು. ಹಾಗೆ ಯಾವತ್ತೂ ತೋರಿಸಿದವರಲ್ಲ.

"ನಿಮ್ಮ ಕೈ ಸಮ ಇಲ್ವಂತೆ. ಇನ್ನು ಪ್ಯಾನೆಲ್ ತೊಳೆಯೂದು ನೋಡ್ಕಳಿ. ಮೀಟರು ಅವ ಮಾಡ್ತ."

ಹೊರಗೆ ಬೈಕಿನ ಹತ್ತಿರ ಭಾವಮೈದುನ ನಿಂತಿದ್ದ.

"ನೀನೇ ಹೇಳಿದ್ಯಾ?"

"ಹೌದು ಭಾವ. ಕರೆಂಟಿನ ಕೆಲಸ. ನಿಮಗೆ ಎಂತಾದ್ರೂ ಆದ್ರೆ ಅಕ್ಕಂಗೆ ಎಂತ ಹೇಳೂದು?"

"ಮೊದ್ಲು ನನ್ನ ಹತ್ರ ಹೇಳ್ಬೇಕಿತ್ತು."

"ಹೇಳಿದ್ರೆ ಕೇಳ್ತಿದ್ರಾ?"

ಅವನನ್ನು ಅಲ್ಲೇ ಬಿಟ್ಟು ಹೊರಟೆ. ದಾರಿಯುದ್ದಕ್ಕೂ ಸಿಟ್ಟು ಏರಿತು. ಮನೆಗೆ ಬಂದು ಕೂಗಾಡಿದೆ. ಹೆಂಡತಿ ಮೀನು ಹೆಚ್ಚುತ್ತಿದ್ದವಳು ತಲೆ ಎತ್ತದೆ, "ಮಾಲೀಕರಿಗೆ ಹೇಳು ಅಂದವಳು ನಾನೇ" ಎಂದಳು.

ಈಗ ಮುರ್ಡೇಶ್ವರದ ಕಡೆ ಮನೆಗಳ ಪ್ಯಾನೆಲ್ಲಿಗೆ ಹತ್ತಿದ ಕಡಲಗಾಳಿಯ ಉಪ್ಪು, ಕಾಗೆಯ ಹೇಲು ತೊಳೆಯುತ್ತೇನೆ. ಕೆಳಗೆ ಮೀಟರಿನ ಪೆಟ್ಟಿಗೆ ಕಂಡರೆ ಮುಖ ತಿರುಗಿಸುತ್ತೇನೆ. ಹಬ್ಬಕ್ಕೆ ಭಾವಮೈದುನ ಬರುತ್ತಾನೆ, ಕೈ ಹೇಗಿದೆ ಎಂದು ಕೇಳುತ್ತಾನೆ. ಅವನು ಮಾಡಿದ್ದು ತಪ್ಪಲ್ಲವೆಂದು ನನಗೂ ಗೊತ್ತು. ಆದರೂ ಅವನ ಪಕ್ಕ ಎಲೆ ಹಾಕಿದರೆ ನನಗೆ ಅನ್ನ ಇಳಿಯುವುದಿಲ್ಲ.