ನಲವತ್ತೆಂಟು ಅಂಕಿ ಮತ್ತು ಅವ್ವನ ದನಿ

ನನ್ನ ಹಾರ್ಡ್ ಡಿಸ್ಕಿಗೆ ಬೀಗ ಹಾಕಿದವನು ನಾನೇ. ಕಾಲೇಜಿನ ಸಹೋದ್ಯೋಗಿಯೊಬ್ಬರು ಎರಡು ದಿನಕ್ಕೆಂದು ಒಯ್ದು, ಮೂರು ವಾರ ಇಟ್ಟುಕೊಂಡು, ಅದರ ತುಂಬ ಸಿನಿಮಾ ಮತ್ತು ವೈರಸ್ ತುಂಬಿ ವಾಪಸ್ ಕೊಟ್ಟಿದ್ದರು. ಎದುರಿಗೆ ಏನೂ ಅನ್ನಲಾಗದೆ ಹಲ್ಲು ಕಚ್ಚಿಕೊಂಡು ಮನೆಗೆ ಬಂದೆ. ಇನ್ನು ಮೇಲೆ ಯಾವನೂ ಇದನ್ನು ಮುಟ್ಟಕೂಡದು ಎಂದು ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ, ಆ ಸಿಟ್ಟಿನಲ್ಲೇ ಎಂಥದೋ ಉದ್ದನೆಯ ಪಾಸ್‌ವರ್ಡ್ ಕೊಟ್ಟೆ. ಮರೆತರೆ ಇರಲಿ ಎಂದು ಕಂಪ್ಯೂಟರ್ ನಲವತ್ತೆಂಟು ಅಂಕಿಗಳ ಒಂದು ಕೀಲಿಯನ್ನೂ ಕೊಟ್ಟಿತು. ಅದನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟೆ. ಆಮೇಲೆ ಐದು ತಿಂಗಳು ಡಿಸ್ಕನ್ನು ಯಾರೂ ಮುಟ್ಟಲಿಲ್ಲ. ತೆರೆಯಲು ಕೂತಾಗ ನನಗೂ ಬರಲಿಲ್ಲ.

ಅದರೊಳಗೆ ಅವ್ವನ ದನಿ ಇತ್ತು. ಹಿಂದಿನ ದೊಡ್ಡ ಬರದಲ್ಲಿ ಆಕೆ ಹಲಬರ್ಗಾದ ಹತ್ತಿರ ರಸ್ತೆ ಕಾಮಗಾರಿಗೆ ಕಲ್ಲು ಒಡೆಯಲು ಹೋಗುತ್ತಿದ್ದಳು. ಈಗಿನ ಬರ ಶುರುವಾಗಿ, ಬೀದರಿನ ಚಿದ್ರಿಯ ನಮ್ಮ ಓಣಿಗೂ ಟ್ಯಾಂಕರ್ ಬರತೊಡಗಿದಾಗ ಆ ಕಥೆ ಬರೆಯಬೇಕೆನಿಸಿತು. ಡಿಸ್ಕಿಗೆ ಬೀಗ ಹಾಕುವ ಮೊದಲೇ ಮೂರು ಭಾನುವಾರ ಆಕೆಯನ್ನು ಕೂರಿಸಿಕೊಂಡು ಮಾತು ರೆಕಾರ್ಡ್ ಮಾಡಿ ಅದರಲ್ಲಿಟ್ಟಿದ್ದೆ. ಅದಾದ ಮೇಲೆ ಆಕೆಗೆ ಲಕ್ವಾ ಹೊಡೆಯಿತು. ಕಾಲು ಅಷ್ಟಿಷ್ಟು ಸುಧಾರಿಸಿತು, ಮಾತು ವಾಪಸ್ ಬರಲಿಲ್ಲ. "ಹಾಂ" ಅನ್ನುವಳು, ಅಷ್ಟೇ. ಕೆಲವು ತಿಂಗಳಲ್ಲಿ ಆಕೆ ಮೊದಲು ಹೇಗೆ ಮಾತಾಡುತ್ತಿದ್ದಳು ಎಂಬುದೇ ನನ್ನ ಕಿವಿಯಿಂದ ಜಾರತೊಡಗಿತು. ನನಗೆ ನಿಜಕ್ಕೂ ಭಯವಾಯಿತು. ಆ ದನಿ ಬೇಕಾಗಿತ್ತು, ಅದು ಬೇರೆಲ್ಲೂ ಇರಲಿಲ್ಲ.

ಗೊತ್ತಿದ್ದದ್ದೆಲ್ಲ ಹಾಕಿ ನೋಡಿದೆ. ಗಾಡಿ ನಂಬರು, ಹುಟ್ಟಿದ ದಿನ, ಊರಿನ ಹೆಸರು. ಆ ಸಹೋದ್ಯೋಗಿಗೆ ಮನಸ್ಸಿನಲ್ಲೇ ಬೈದಿದ್ದ ಬೈಗುಳಗಳನ್ನೂ ಒಂದೊಂದಾಗಿ ಹಾಕಿದೆ. ಪಾಸ್‌ವರ್ಡ್ ತಪ್ಪಾಗಿದೆ ಎಂದು ಪ್ರತಿ ಸಲವೂ ಅದೇ ಕೆಂಪು ಅಕ್ಷರ. ಕೀಬೋರ್ಡನ್ನು ಗುದ್ದಿದ ರಭಸಕ್ಕೆ ಒಂದು ಗುಂಡಿ ಕಿತ್ತು ಬಂತು. ಬೀದರಿನ ಎರಡು ಅಂಗಡಿಯವರು ಕೈಯೆತ್ತಿದ ಮೇಲೆ, ಭಾಲ್ಕಿಯಲ್ಲೊಬ್ಬರು ಎಂಥ ಡಿಸ್ಕನ್ನೂ ತೆರೆಯುತ್ತಾರೆಂದು ಯಾರೋ ಹೇಳಿದರು. ರಜೆ ಹಾಕಿ ಹೋದೆ. ಆ ಮನುಷ್ಯ ಕನ್ನಡಕ ಹಣೆಗೇರಿಸಿ, ಡಿಸ್ಕನ್ನು ಜೋಡಿಸಿ ನೋಡಿ ನಕ್ಕ.

"ಸರ್, ಡಿಸ್ಕ್ ಏಕದಮ್ ಛಲೋ ಅದರಿ. ಖರಾಬ್ ಆಗಿದ್ರ ನಾ ಏನಾರ ಮಾಡ್ತಿದ್ದೆ, ಈ ಬೀಗಕ್ಕ ಏನೂ ಮಾಡ್ಲಿಕ್ಕ ಬರಂಗಿಲ್ಲ. ಫಾರ್ಮ್ಯಾಟ್ ಮಾಡಿ ಕೊಡ್ಲೇನ್ರಿ? ಹೊಸಾದರಂಗ ಆಗ್ತದ."

ಡಿಸ್ಕನ್ನು ಅವನ ಕೈಯಿಂದ ಕಸಿದುಕೊಂಡೇ ಬಂದೆ. ಇನ್ನುಳಿದದ್ದು ಆ ಅಂಕಿಗಳ ಹಾಳೆಯೊಂದೇ. ಮನೆಯ ಕಪಾಟು, ಟ್ರಂಕು, ಹಾಸಿಗೆಯ ಕೆಳಗೆ ಎಲ್ಲ ಜಾಲಾಡಿ, ಕಡೆಗೆ ನೀನೇ ಎಲ್ಲೋ ಎಸೆದಿದ್ದೀ ಎಂದು ಹೆಂಡತಿಯ ಮೇಲೆ ಹರಿಹಾಯ್ದೆ. ಆಕೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ಒಂದು ಬದಿ ಖಾಲಿ ಇದ್ದ ಹಾಳಿ ಎಸೀಬ್ಯಾಡ ಅಂತ ಮನಿತುಂಬ ಗುಡ್ಡಾ ಹಾಕಿದವ್ರು ನೀವೇ ಅಲ್ರಿ? ಚಿಂತಾಕಿಯಿಂದ ನಿಮ್ಮ ತಂಗಿ ಬಂದಾಗ ಪ್ರಿಂಟರಿನ್ಯಾಗ ಹಾಳಿ ಮುಗ್ದಿದ್ದವು. ಮೇಜಿನ ಮ್ಯಾಲಿಂದು ತಗೊಂಡು ನೀವೇ ಹಾಕಿದ್ರಿ. ಹಿಂದ ಬರೇ ಅಂಕಿ ಇದ್ದವು, ನಾ ನೋಡೀನಿ."

ಆಗ ನನಗೆ ನೆನಪಾಯಿತು. ಆ ವರ್ಷ ದುಡಿಯಲು ಊರು ಬಿಡುವವರಿಗೆಲ್ಲ ಗುರುತಿನ ಚೀಟಿಯ ನಕಲು ಬೇಕಾಗಿತ್ತು. ನಮ್ಮ ಕಡೆಯವರು ಬೀದರಿನಲ್ಲಿ ಬಸ್ಸು ಬದಲಿಸುವಾಗ ನಮ್ಮ ಮನೆಗೆ ಬಂದು, ನನ್ನ ಪ್ರಿಂಟರಿನಲ್ಲಿ ಆಧಾರ್ ಕಾರ್ಡಿನ ನಕಲು ಮಾಡಿಸಿಕೊಂಡು ಹೋಗುತ್ತಿದ್ದರು. ಹಾಗೆ ಹೈದರಾಬಾದಿನ ಕಡೆ ಇಟ್ಟಿಗೆ ಭಟ್ಟಿಗೆ ಹೊರಟಿದ್ದ ಚಿಕ್ಕಮ್ಮನ ಮಗಳಿಗೆ ನಾನು ನನ್ನ ಕೀಲಿಯ ಬೆನ್ನ ಮೇಲೆಯೇ ಆಧಾರ್ ಅಚ್ಚು ಹಾಕಿ ಕೊಟ್ಟಿದ್ದೆ.

ಆಕೆಯ ಫೋನು ಬಂದ್ ಆಗಿತ್ತು. ಮರುದಿನ ಔರಾದಿಗೆ ಬಸ್ಸು ಹಿಡಿದು, ಅಲ್ಲಿಂದ ಟಂಟಂ ಹತ್ತಿ ಚಿಂತಾಕಿಗೆ ಹೋದೆ. ಮನೆಗೆ ಬೀಗ, ಬೀಗದ ಮುಂದೆ ಮುಳ್ಳುಕಂಟಿ. ಮಗ್ಗುಲ ಮನೆಯ ಹೆಂಗಸು ಹೊರಗೆ ಬಂದು, "ದೀಪಾವಳಿ ಆದ ಮ್ಯಾಲ ಹೋಗ್ಯಾರ್ರಿ. ಈ ಓಣ್ಯಾಗ ಎಂಟು ಮನಿ ಬಂದ್ ಅವ" ಎಂದಳು. ಆಮೇಲೆ ಗೋಡೆಯ ಕಡೆ ಕೈ ಮಾಡಿದಳು. ಕೂಲಿಗೆ ಕರೆದೊಯ್ದ ಮುಕಾದಮನ ನಂಬರನ್ನು ಇದ್ದಲಿಯಲ್ಲಿ ಅಲ್ಲೇ ಬರೆದಿದ್ದರು.

ಮುಕಾದಮನಿಗೆ ಆರು ಸಲ ಫೋನ್ ಮಾಡಿ, ಬೇಡಿಕೊಂಡು, ಒಮ್ಮೆ ಬೈದು, ಮತ್ತೆ ಕ್ಷಮೆ ಕೇಳಿದ ಮೇಲೆ ಎರಡನೆಯ ದಿನ ಊಟದ ಹೊತ್ತಿನಲ್ಲಿ ತಂಗಿ ಮಾತಿಗೆ ಸಿಕ್ಕಳು.

"ಅದ ಅಣ್ಣಾ, ಟ್ರಂಕಿನ್ಯಾಗ ಭದ್ರ ಅದ. ಹಿಂದ ಅಷ್ಟು ದೊಡ್ಡ ನಂಬರ್ ಅದಲ್ಲಾ, ಅದೂ ಸರ್ಕಾರದ್ದೇ ಇರಬೇಕು ಅಂತ ಲ್ಯಾಮಿನೇಶನ್ ಮಾಡಿಸೀನಿ. ಇಲ್ಲಿ ಯಾರು ಕೇಳಿದ್ರೂ ಮುಂದಿಂದೂ ತೋರಿಸ್ತೀನಿ, ಹಿಂದಿಂದೂ ತೋರಿಸ್ತೀನಿ. ಎರಡೂ ನೋಡಿ ಗೋಣು ಹಾಕ್ತಾರ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅದನ್ನು ತಂದು, ಹಿಂದಿನ ಅಂಕಿ ಓದಿ ಹೇಳು ಎಂದೆ. ಆಕೆ ನಾಲ್ಕು ಅಂಕಿ ಹೇಳುವುದರೊಳಗೆ ನಾನು ತಡೆಯುತ್ತಿದ್ದೆ. ಆರಾ, ಏಳಾ? ಇನ್ನೊಮ್ಮೆ ಹೇಳು. ಇಷ್ಟು ಜಲ್ದಿ ಯಾಕ? ಮೂರು ಸಲ ಮೊದಲಿನಿಂದ ಶುರುವಾಗಿ ಮೂರು ಸಲವೂ ಕೆಟ್ಟಿತು.

"ಅಣ್ಣಾ, ನೀ ಸುಮ್ಮ ಕೂಡು. ನನಗೂ ಕೆಲಸಕ್ಕ ಹೋಗಬೇಕು. ನಾ ಪೂರ್ತಿ ಹೇಳ್ತೀನಿ, ನೀ ಬರ್ಕೋ, ಅಷ್ಟೇ."

ಸುಮ್ಮನೆ ಕೂತು ಬರೆದುಕೊಂಡೆ. ನಲವತ್ತೆಂಟೂ ಸರಿಯಾಗಿದ್ದವು. ಡಿಸ್ಕು ತೆರೆಯಿತು.

ಅವ್ವನನ್ನು ದಿಂಬಿಗೆ ಒರಗಿಸಿ ಕೂರಿಸಿ, ಮೊದಲ ಭಾನುವಾರದ ರೆಕಾರ್ಡಿಂಗ್ ಹಚ್ಚಿದೆ. ಆಕೆಯ ದನಿ ಕೋಣೆ ತುಂಬಿತು. ಅದನ್ನು ಕೇಳಿ ನನ್ನ ಕಣ್ಣು ತುಂಬಿ ಬಂದವು. "ಕಲ್ಲ ಒಡೀಲಾಕ ಹೋಗ್ತಿದ್ದೆವು. ನೀ ಆಗ ಆರು ತಿಂಗಳ ಕೂಸು. ಒಂದು ದಿನ ನಿನ್ನ ಜೋಳಿಗ್ಯಾಗ ಹಾಕಿ ಗಿಡಕ್ಕ ಕಟ್ಟಿ, ನಾ ಹೊಳ್ಳಿ ನೋಡ್ತೀನಿ..."

"ತಡೀ ಅವ್ವ. ಅದು ಬರ ಬಿದ್ದ ಮೊದಲನೇ ವರ್ಷ ಏನು ಎರಡನೇದಾ? ಅದನ್ನ ಮೊದಲ ಹೇಳು."

ಅದು ನನ್ನ ದನಿ. ಅಲ್ಲಿಂದ ಮುಂದೆ ಎಲ್ಲ ಕಡೆಗೂ ಅದೇ. ಕೂಲಿ ಎಷ್ಟು ಕೊಡುತ್ತಿದ್ದರು, ಮೇಲಿನವರು ಯಾರು, ಜೋರಾಗಿ ಮಾತಾಡು, ಅದನ್ನು ಆಗಲೇ ಹೇಳಿದ್ದೀ, ವಿಷಯಕ್ಕೆ ಬಾ. ಕೆಲವು ಕಡೆ ಆ ಬರದ ಬಗ್ಗೆ ನಾನು ಓದಿದ್ದನ್ನು ಆಕೆಗೇ ತಿಳಿಸಿ ಹೇಳುತ್ತಿದ್ದೆ. ಆಕೆ ಎರಡು ಮಾತಾಡುವಳು, ನಾನು ಹತ್ತು. ಮೂರೂ ಭಾನುವಾರದ್ದನ್ನು ಕೊನೆಯವರೆಗೆ ಕೇಳಿದೆ. ಜೋಳಿಗೆಯ ಆ ದಿನಕ್ಕೆ ಆಕೆ ಮತ್ತೆ ಬರಲೇ ಇಲ್ಲ. ಕಡೆಯ ರೆಕಾರ್ಡಿಂಗಿನಲ್ಲಿ ಅವ್ವ ಬೇಸತ್ತು ಅಂದಿದ್ದಳು: "ಕೇಳಾಂವನೂ ನೀನೇ, ಹೇಳಾಂವನೂ ನೀನೇ. ನಾ ಯಾಕ ಬೇಕಪಾ?"

ಕಂಪ್ಯೂಟರ್ ಬಂದ್ ಮಾಡಿ ಮಂಚದ ಬಳಿ ಹೋಗಿ ಕೂತೆ. ಆ ದಿನ ಜೋಳಿಗೆಯ ಕಡೆ ಹೊಳ್ಳಿ ನೋಡಿದಾಗ ಏನಿತ್ತು ಅವ್ವ, ಎಂದು ಕೇಳಿದೆ. ಆಕೆ ನನ್ನ ಮುಖವನ್ನೇ ನೋಡಿ, ತುಟಿ ಅಲ್ಲಾಡಿಸಿ, "ಹಾಂ" ಎಂದಳು. ನಾನು ಇನ್ನಷ್ಟು ಬಾಗಿ ಕಿವಿಗೊಟ್ಟೆ. ಆಕೆ ಇನ್ನೊಮ್ಮೆ "ಹಾಂ" ಎಂದಳು.