ಅಪ್ಪನ ‘ಆರಾಮ’

ಹೇಗಿದ್ದೀರಿ ಎಂದು ಯಾರು ಕೇಳಿದರೂ ಅಪ್ಪನದು ಒಂದೇ ಉತ್ತರ: “ಆರಾಮ ಅದೀನ್ರಿ.” ನಮ್ಮ ರಾಯಚೂರು ಕಡೆಯ ಮಂದಿಯೇ ಹಾಗೆ. ಮರ್ಯಾದೆಗೆ ಕೇಳಿದವರ ಮುಂದೆ ನಮ್ಮ ಗೋಳು ಯಾಕೆ ಎಂಬ ಸಂಕೋಚ. ಬೀದಿಯಲ್ಲಿ ಅದು ಸರಿ. ಅಪ್ಪ ಡಾಕ್ಟರ ಮುಂದೆಯೂ ಅದನ್ನೇ ಹೇಳುತ್ತಿದ್ದರು.

ಅವರ ಮೇದೋಜೀರಕ ಗ್ರಂಥಿ ವರ್ಷಗಳಿಂದ ಕೆಟ್ಟು, ಅದರ ನಾಳದಲ್ಲಿ ಕಲ್ಲು ಕಟ್ಟಿತ್ತು. ಬಾಯಿಯಿಂದ ಎಂಡೋಸ್ಕೋಪಿ ಕೊಳವೆ ಇಳಿಸಿ ನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ನಳಿಕೆ ಇಟ್ಟರು, ಕೆಲವು ತಿಂಗಳ ಮೇಲೆ ಬದಲಿಸಿದರು. ಇದರಿಂದಲೂ ನೋವು ಹೋಗದಿದ್ದರೆ ಆಪರೇಶನ್ ಮಾಡಿಸಬೇಕು, ತಡವಾದಷ್ಟೂ ಅದರ ಉಪಯೋಗ ಕಡಿಮೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ಹೈದರಾಬಾದಿಗೆ ಸಾಫ್ಟ್‌ವೇರ್ ಕಂಪನಿಗಳು ಒಂದರ ಹಿಂದೊಂದು ಬರುತ್ತಿದ್ದ ಕಾಲ. ನಾನೂ ಒಂದರಲ್ಲಿದ್ದೆ. ರಜೆ ಎಂದರೆ ಮ್ಯಾನೇಜರ್ ಮುಖ ಗಂಟಿಕ್ಕುತ್ತಿದ್ದ. ಅವನ ಮುಖ ಅವನಿಗಿರಲಿ ಎಂದು ಮತ್ತೆ ಸ್ಟೆಂಟ್ ಬದಲಿಸುವ ಹೊತ್ತಿಗೆ ಅಲ್ಲಿನ ಮಲ್ಕಾಜ್‌ಗಿರಿಯ ನಮ್ಮ ಮನೆಯಿಂದ ಆಟೋದಲ್ಲಿ ಅಪ್ಪನ ಜೊತೆ ಆಸ್ಪತ್ರೆಗೆ ಹೊರಟೆ.

ನೋವು ಹೇಗಿದೆ ಎಂದು ಡಾಕ್ಟರು ಹಿಂದಿಯಲ್ಲಿ ಕೇಳಿದರು. “ಆರಾಮ್ ಹೈ ಸಾಬ್” ಎಂದು ಅಪ್ಪ ನಕ್ಕರು. ಹಾಗಾದರೆ ಸ್ಟೆಂಟನ್ನೇ ಮುಂದುವರಿಸೋಣ ಎಂದರು ಡಾಕ್ಟರು.

ನನಗೆ ಮೈಯೆಲ್ಲ ಉರಿಯಿತು. ಇವರು ಹೇಳುತ್ತಿರುವುದು ಶುದ್ಧ ಸುಳ್ಳು ಎಂದೆ. ಉಂಡ ಮೇಲೆ ಹೊಟ್ಟೆಗೆ ದಿಂಬು ಒತ್ತಿಕೊಂಡು ಬಾಗಿ ಕೂರುತ್ತಾರೆ, ಈಗ ನೋವಿಗೆ ಹೆದರಿ ಊಟವನ್ನೇ ಬಿಡುತ್ತಿದ್ದಾರೆ ಎಂದೂ ಹೇಳಿಬಿಟ್ಟೆ.

“ಅವ್ರು ಅಷ್ಟು ತ್ರಾಸ ತಗೊಂಡು ಮಾಡ್ಯಾರ. ಕಡಿಮಿ ಆಗಿಲ್ಲ ಅಂತ ಹ್ಯಾಂಗ ಹೇಳ್ಲೆವ್ವ?” ಎಂದು ಅಪ್ಪ ನನಗಷ್ಟೇ ಕೇಳುವಂತೆ ಅಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು. ಹಾಗಿದ್ದರೆ ಆಪರೇಶನ್ನೇ ಒಳ್ಳೆಯದು, ಆದರೆ ಅದು ದೊಡ್ಡದು, ಅಪಾಯವೂ ಇದೆ, ನೋವು ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ ಎಂದರು. ಯೋಚಿಸಿ ಹೇಳಿ ಎಂದು ನಮ್ಮನ್ನು ಹೊರಗೆ ಕಳಿಸಿದರು.

ಬೆಂಚಿನ ಮೇಲೆ ಕೂತಾಗ ನನ್ನ ಸಿಟ್ಟೆಲ್ಲ ಇಳಿದು ಬರೀ ಭಯ ಉಳಿದಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಪ್ಪನ ಹೊಟ್ಟೆ ಕೊಯ್ಯುವ ಮಾತೇ ಏಳುತ್ತಿರಲಿಲ್ಲ. ಏನಾದರೂ ಹೆಚ್ಚುಕಮ್ಮಿಯಾದರೆ?

“ಸ್ಟೆಂಟ ಇನ್ನೊಂದ ಸಲ ಹಾಕ್ಸಿ ನೋಡೂಣೇನಪ್ಪಾ?” ಎಂದೆ.

ಅಪ್ಪ ಹೊಟ್ಟೆ ಒತ್ತಿಕೊಂಡು ಮುಂದಕ್ಕೆ ಬಾಗಿದರು.

“ಬ್ಯಾಡವ್ವ. ಭಾಳ ನೋಯ್ತೈತಿ. ಕೊಯ್ಸೇ ಬಿಡೂಣು” ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. “ನೀ ಮಾತ್ರ ಆಪರೇಶನ್ ಕೋಣಿ ಬಾಗ್ಲಾ ಬಿಟ್ಟು ಎಲ್ಲೂ ಹೋಗಬ್ಯಾಡ. ನನಗ ಅಂಜಿಕಿ ಬರಾಕತ್ತೈತಿ.”