ಚಿಲಕಕ್ಕೆ ಸಿಕ್ಕಿಸಿದ ಬನ್ನಿ

ಈ ಸಲದ ದಸರೆಯ ಸಂಜೆ ನಾನು ತಿರುಗಾಡಿಕೊಂಡು ಬರುವಷ್ಟರಲ್ಲಿ ನಮ್ಮ ಕಾಲೊನಿಯವರು ಯಾರೋ ಬನ್ನಿ ಕೊಡಲು ಬಂದು, ಬಾಗಿಲಿಗೆ ಬೀಗ ಇದ್ದದ್ದು ನೋಡಿ, ಒಂದು ಕಡ್ಡಿಯನ್ನು ಗೇಟಿನ ಚಿಲಕಕ್ಕೆ ಸಿಕ್ಕಿಸಿ ಹೋಗಿದ್ದರು. ಬೀದರಿನ ಈ ಹೊಸ ಬಡಾವಣೆಯಲ್ಲಿ ಅದು ಸೌಜನ್ಯ. ನನಗೆ ಮಾತ್ರ ಎದೆ ಧಸಕ್ಕೆಂದಿತು. ಎಪ್ಪತ್ತು ದಾಟಿದವನು ಎಲೆಗೆ ಹೆದರಿದ ಎಂದು ನೀವು ನಗಬಹುದು. ನಗಿ, ಆದರೆ ಕಾರಣ ಕೇಳಿ ನಗಿ.

ಭಾಲ್ಕಿಯ ನಮ್ಮ ಓಣಿಯಲ್ಲಿ ಏಳು ಮನೆಗಳಿದ್ದವು. ಗೋಡೆಗೆ ಗೋಡೆ ಹತ್ತಿದ್ದು ಗಿರ್ದಾವರ ಸಾಹೇಬರ ಮನೆ. ನಿಜಾಮರ ಕಂದಾಯ ಇಲಾಖೆಯಲ್ಲಿದ್ದು, ಎಕಂಬಾ, ಡಾಬಕಾ ಕಡೆಯ ಹೊಲಗಳನ್ನೆಲ್ಲ ಅಳೆದು ನಿವೃತ್ತರಾದವರು. ದಸರೆಯ ಸಂಜೆ ಊರ ಹೊರಗಿನ ಬನ್ನಿಗಿಡಕ್ಕೆ ಹೋಗಿ ಬಂದ ಗಂಡಸರು, ಓಣಿಗೆ ಹಿರಿಯರೆಂದು, ಮೊದಲು ಅವರ ಮನೆಗೇ ಹೋಗುತ್ತಿದ್ದರು. "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ" ಎಂದು ಎಲೆ ಕೊಟ್ಟರೆ ಸಾಹೇಬರು ಕಣ್ಣಿಗೊತ್ತಿಕೊಂಡು ರೂಮಿ ಟೋಪಿಯ ಒಳಅಂಚಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕೈಯಿಂದ ಕೈಗೆ ಕೊಟ್ಟರೇ ಅದು ಬನ್ನಿ. ಅವರಿಗೂ ನಮ್ಮಪ್ಪನಿಗೂ ಬಚ್ಚಲು ನೀರು ಹರಿಯುವ ವಿಷಯದಲ್ಲಿ ಪ್ರತಿ ಮಳೆಗಾಲ ಹುಟ್ಟುತ್ತಿದ್ದ ಜಗಳ ದಸರೆಯ ಸಂಜೆ ತಪ್ಪದೆ ಸಾಯುತ್ತಿತ್ತು.

ಪೊಲೀಸ್ ಆ್ಯಕ್ಷನ್ ಆದ ವರ್ಷ ಮಾತ್ರ ಬೇರೆ. ನಿಜಾಮರ ಪರ ಹಾವಳಿ ಎಬ್ಬಿಸಿದ್ದ ರಜಾಕಾರರ ಹೆದರಿಕೆಗೆ ಕೆಲವು ತಿಂಗಳು ನಾವು ಸಂಸ್ಥಾನದ ಗಡಿಯಾಚೆಯ ನೆಂಟರಲ್ಲಿದ್ದೆವು. ಆಗ ನಮ್ಮ ಮನೆಯ ಕೀಲಿಕೈ ಇಟ್ಟುಕೊಂಡು, ಹೊಸ್ತಿಲಿಗೆ ಯಾರನ್ನೂ ಹಾಯಗೊಡದೆ ಕಾದವರು ಸಾಹೇಬರೇ. ಭಾರತದ ಸೈನ್ಯ ಬಂತು, ನಾವು ಮರಳಿದೆವು, ಹೆದರಿಕೆ ಪಕ್ಕದ ಮನೆಗೆ ಹೋಯಿತು. ಈಗ ಅವರ ಬಾಗಿಲು ಹಗಲಲ್ಲೂ ಮುಚ್ಚಿರುತ್ತಿತ್ತು. ಲೂಟಿ ಮಾಡುವವರು ಬೇಕಾದ ಮನೆಗಳಿಗೆ ಮೊದಲೇ ಗುರುತು ಹಾಕಿ ಹೋಗುತ್ತಾರೆಂಬ ಸುದ್ದಿ ಎಲ್ಲ ಕಡೆ ಇತ್ತು.

ಇನ್ನೂ ತಿಂಗಳು ತುಂಬಿರಲಿಲ್ಲ, ದಸರೆ ಬಂತು. ಅಪ್ಪನಿಗೆ ಜ್ವರ. ಅವ್ವ ಮಧ್ಯಾಹ್ನವೇ ನನ್ನ ಕೈಗೆ ಬನ್ನಿ ಕೊಟ್ಟು ಸಾಹೇಬರಲ್ಲಿಗೆ ಕಳಿಸಿದಳು. ನಾನು ಹೈದರಾಬಾದಿನಲ್ಲಿ ತರ್ಕಶಾಸ್ತ್ರ ಓದುತ್ತಿದ್ದವನು, ಹಬ್ಬಗಳಲ್ಲಿ ನಂಬಿಕೆ ಇಲ್ಲದವನು. ಬಾಗಿಲು ಬಡಿದೆ, ತೆಗೆಯಲಿಲ್ಲ. ಓಣಿಯ ತುದಿಗೆ ಬಡಿಗೆ ಹಿಡಿದ ಇಬ್ಬರು ಅಪರಿಚಿತರು ಕಂಡರು. ಕೊಡುವುದು ಮುಖ್ಯ, ಹೇಗೆ ಕೊಟ್ಟರೇನು ಎಂದು ತರ್ಕಿಸಿ, ಕಡ್ಡಿಯನ್ನು ಚಿಲಕಕ್ಕೆ ಸಿಕ್ಕಿಸಿ ಓಡಿ ಬಂದೆ.

ತಾಸಿನೊಳಗೆ ಅವರ ಮನೆಯ ಮುಂದೆ ಎತ್ತಿನ ಬಂಡಿ ನಿಂತಿತ್ತು. ಹಾಸಿಗೆ ಸುರುಳಿ, ತಪೇಲಿ ಏರಿದ್ದವು. ಬೀದರಿಗೆ ಹೊರಟಿದ್ದರು. ಆ ದಾರಿಯಲ್ಲಿ ಹೊರಟ ಎಷ್ಟೋ ಬಂಡಿಗಳು ಬೀದರು ಮುಟ್ಟಿರಲಿಲ್ಲ.

"ಹಬ್ಬದ ದಿನ ಎಲ್ಲಿಗಿ ಹೊಂಟೀರಿ ಆಪಾ?" ಎಂದು ಅವ್ವ ಸಾಹೇಬರ ಹೆಂಡತಿಯನ್ನು ಕೇಳಿದಳು.

ಬೀಬಿ ಕಡ್ಡಿ ತೋರಿಸಿದರು. "ನಿಶಾನಿ ಇಟ್ಟಾರವ್ವ. ಇಡೀ ಓಣ್ಯಾಗ ನಮ್ಮ ಬಾಗಿಲಕ್ಕಷ್ಟೇ."

"ನಿಶಾನಿ ಅಲ್ರಿ. ನಮ್ಮ ಓದಿದ ದಡ್ಡ ಬನ್ನಿ ಇಟ್ಟಾನ."

"ನೀ ಅಂದ್ರ ನಾ ನಂಬ್ತೇನಿ. ಹಾದಿಗಿ ಹೋಗೋರು ನೋಡ್ಯಾರಲ್ಲ, ಅವರು ನಂಬಬೇಕಲ್ಲ?"

ಅವ್ವ ಓಣಿಯ ಬಾಗಿಲುಗಳನ್ನೊಮ್ಮೆ ನೋಡಿದಳು. ಆಮೇಲೆ, "ಹಂಗಾದ್ರ ಎಲ್ಲಾ ಬಾಗಿಲಕ್ಕೂ ಕಟ್ಟೂಣ್ರಿ. ಯಾವ್ದು ಯಾರ ಮನಿ ಅಂತ ಅವರೇ ಹುಡುಕ್ಲಿ" ಅಂದಳು. ಎದುರು ಮನೆಯ ಮಿಷನ್ ದವಾಖಾನೆಯ ನರ್ಸಬಾಯಿ ಕಿಟಕಿಯಿಂದಲೇ, "ನಂದಕ್ಕೂ ಕಟ್ರಿ. ಪಾದ್ರಿ ಕೇಳಿದ್ರ ಗಾಳಿಗಿ ಹಾರಿ ಬಂತು ಅಂತೇನಿ" ಅಂದರು. ಎಲ್ಲ ಬಾಗಿಲಿಗೂ ಎಲೆ ಬಂತು. ಬಂಡಿ ಖಾಲಿ ಹೋಯಿತು. ಅಂದೂ, ಮುಂದೆಯೂ, ಓಣಿಯೊಳಗೆ ಯಾರೂ ಕೈಮಾಡಲಿಲ್ಲ. ಎಲೆಯಿಂದ ಅಂತ ನಾನು ಹೇಳಲಾರೆ.

ಐವತ್ತು ವರ್ಷ ಈ ಕಥೆ ಹೇಳಿದ್ದೇನೆ. ನನ್ನ ಕಥೆಯಲ್ಲಿ ನಾನು ಅವ್ವನ ಪಕ್ಕ ನಿಂತು, "ತಪ್ಪು ನಂದು ಚಾಚಾ" ಎಂದು ಸಾಹೇಬರ ಕಾಲು ಮುಟ್ಟುತ್ತೇನೆ. ಕೇಳಿದವರ ಕಣ್ಣು ಒದ್ದೆಯಾಗುವುದೂ ಅಲ್ಲೇ. ಇತ್ತೀಚೆಗೆ ಅದೇ ಸಂಶಯ ಹುಟ್ಟಿಸಿದೆ. ಇಷ್ಟು ಚಂದದ ಕಥೆ ನಡೆದದ್ದೋ, ಸಭೆಗಳಲ್ಲಿ ನಾನು ಹೆಣೆದದ್ದೋ? ಬಾಗಿಲಿನ ಎಲೆಗಳೂ ನನ್ನ ಕಸೂತಿಯಾದರೆ? ಕೇಳಬಹುದಾದವಳು ಒಬ್ಬಳಿದ್ದಾಳೆ: ಸಾಹೇಬರ ಮಗಳು ನಫೀಸಾ. ಆಗ ಹನ್ನೆರಡರವಳು, ಈಗ ನಿವೃತ್ತ ಶಿಕ್ಷಕಿ, ನಮ್ಮಿಂದ ಎರಡು ರಸ್ತೆ ಆಚೆ ಮನೆ. ಉತ್ತರಕ್ಕೆ ಹೆದರಿ ಇಷ್ಟು ವರ್ಷ ಕೇಳಿರಲಿಲ್ಲ. ಚಿಲಕದಲ್ಲಿ ಬನ್ನಿ ಕಂಡ ಈ ಸಲದ ಸಂಜೆ ಹೋಗಿ, ಕಥೆಯನ್ನೆಲ್ಲ ಹೇಳಿ, ನಿಜವೇನೆಂದು ಕೇಳಿದೆ.

"ಏಳಲ್ಲ ಅಣ್ಣಾ, ಓಣ್ಯಾಗ ಇದ್ದಿದ್ದು ಐದೇ ಮನಿ," ಅಂದಳು. "ಸುತಳಿ ನಾನೇ ಕತ್ತರಿಸಿ ಕೊಟ್ಟೇನಿ. ಬನ್ನಿ ಸಾಲಲಿಲ್ಲಂತ ನರ್ಸಬಾಯಿ ಬಾಗಿಲಕ್ಕ ಬೇವು ಕಟ್ಟಿದ್ರು ನಿಮ್ಮವ್ವ."

ಬೇವು! ಅದು ನನ್ನ ಕಥೆಯಲ್ಲಿ ಎಂದೂ ಇರಲಿಲ್ಲ.

"ಮತ್ತ ನಾನು ಮಾಫಿ ಕೇಳಿದ್ದು?"

"ನೀವೆಲ್ಲಿ ಬಂದಿದ್ರಿ? ಅಟ್ಟದ ಮ್ಯಾಲೆ ಅಡಗಿ ಕುಂತಿದ್ರಿ. ದೀಪ ಹಚ್ಚೋ ಹೊತ್ತಿಗಿ ನಿಮ್ಮವ್ವ ಹೋಳಗಿ ತೋರ್ಸಿ ಇಳಸ್ಯಾರ. ಅಬ್ಬಾ ಎಷ್ಟು ದಿನ ನಕ್ಕಾರ ಅದಕ್ಕ."

ನನಗೆ ನಾಚಿಕೆಯಾಗಬೇಕಿತ್ತು. ಆದರೆ ಕುರ್ಚಿಗೆ ಬೆನ್ನು ಆನಿಸಿ ಕುಳಿತಾಗ ಮೈಯೆಲ್ಲ ಹಗುರಾಗಿತ್ತು. ಅವ್ವ ಇದ್ದಳು, ಬೀಬಿ ಇದ್ದರು, ಐದು ಬಾಗಿಲೂ ಇದ್ದವು. ಆ ಓಣಿಯಲ್ಲಿ ನಾನು ಕಟ್ಟಿದ ಸುಳ್ಳೆಂದರೆ ನಾನೊಬ್ಬನೇ.